ಬಣ್ಣದ ತಿನಿಸು ಮತ್ತು ಪ್ರಾಣಿಗಳ ನಡವಳಿಕೆ: ಜಾನಪದ ದೃಷ್ಟಿಯಿಂದ ಒಂದು ವಿವೇಚನೆ

ದನ ಸಾಕುವವರು ಮೇವಿನ ಒಳಿತು ಕೆಡುಕನ್ನು ಮೊದಲು ಅರಿಯುವುದು ದನದ ನಡವಳಿಕೆಯಿಂದ. ಮೆಲುಕು ನಿಂತಿತೇ, ಕಿವಿ ಜೋತುಬಿದ್ದವೇ, ಹಿಂಡಿನಿಂದ ದೂರ ಸರಿಯಿತೇ ಎಂಬುದನ್ನು ಕಂಡೇ ಅವರು ಮದ್ದಿಗೆ ಹೊರಡುತ್ತಾರೆ. ಜನಪದ ಪಶುವೈದ್ಯದ ಈ ಕ್ರಮವನ್ನು ಇಲ್ಲಿ ನೆನೆಯಲು ಕಾರಣವಿದೆ. ತಿನಿಸಿಗೆ ಬೆರೆಸುವ ಕೃತಕ ಬಣ್ಣಗಳ ಸುರಕ್ಷತೆಯನ್ನು ಪ್ರಯೋಗಾಲಯಗಳು ಬಹುಕಾಲದಿಂದ ಇಲಿ, ನಾಯಿಗಳ ಮೇಲೆಯೇ ಪರೀಕ್ಷಿಸುತ್ತ ಬಂದಿವೆ. ಆದರೆ ಹಳೆಯ ಪರೀಕ್ಷೆಗಳು ನೋಡಿದ್ದು ಮುಖ್ಯವಾಗಿ ತೂಕ, ಯಕೃತ್ತು, ಗಂತಿಗಳನ್ನು. ಪ್ರಾಣಿ ಹೇಗೆ ನಡೆದುಕೊಂಡಿತೆಂಬ ಪ್ರಶ್ನೆ ಹಿಂದೆಯೇ ಉಳಿಯಿತು.

ಅಮೆರಿಕದ ವೈದ್ಯ ಬೆಂಜಮಿನ್ ಫೈನ್‌ಗೋಲ್ಡ್ ಅವರು 1970ರ ದಶಕದಲ್ಲಿ ಮಕ್ಕಳ ಅತಿಚಟುವಟಿಕೆಗೂ ಬಣ್ಣಗಳಿಗೂ ನಂಟು ಕಲ್ಪಿಸಿದ ಬಳಿಕ ಈ ಪ್ರಶ್ನೆ ಮುನ್ನೆಲೆಗೆ ಬಂದಿತು. ಯೇಲ್ ವಿಶ್ವವಿದ್ಯಾಲಯದ ಬೆನೆಟ್ ಶೇವಿಟ್ಜ್ ಮತ್ತು ಸಂಗಡಿಗರ 1979ರ ಅಧ್ಯಯನದಲ್ಲಿ ಬಣ್ಣಗಳ ಮಿಶ್ರಣ ಉಣ್ಣಿಸಿದ ಇಲಿಮರಿಗಳು ಹೆಚ್ಚು ಓಡಾಡಿದವು. ಅಪಾಯದಿಂದ ತಪ್ಪಿಸಿಕೊಳ್ಳುವುದನ್ನು ಕಲಿಯುವಲ್ಲಿ ಹಿಂದುಳಿದವು.

ನಡವಳಿಕೆಯನ್ನು ಅಳೆಯುವ ವಿಧಾನಗಳು ಕುತೂಹಲಕರವಾಗಿವೆ. ಇಲಿಯನ್ನು ತೆರೆದ ಪೆಟ್ಟಿಗೆಯಲ್ಲಿ ಬಿಟ್ಟು, ಅದು ಎಷ್ಟು ದೂರ ಸಂಚರಿಸಿತು, ಎಷ್ಟು ಸಲ ಹಿಂಗಾಲ ಮೇಲೆ ಎದ್ದು ನಿಂತಿತು, ಗೋಡೆಯಂಚು ಬಿಟ್ಟು ನಡುವಿಗೆ ಬರಲು ಅಂಜಿತೇ ಎಂದು ಎಣಿಸುತ್ತಾರೆ. ನೀರಿನ ತೊಟ್ಟಿಯಲ್ಲಿ ಕಾಣದಂತೆ ಇಟ್ಟ ಆಸರೆಯನ್ನು ಎಷ್ಟು ಬೇಗ ನೆನಪಿಟ್ಟು ಹುಡುಕಿತೆಂದು ನೋಡುತ್ತಾರೆ. ದನಗಾಹಿಯ ಕಣ್ಣೂ ಇಂಥದನ್ನೇ ಗುರುತಿಸುತ್ತದೆ. ಆದರೆ ಬಣ್ಣ ಉಣ್ಣದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸುವ ಶಿಸ್ತು ಪ್ರಯೋಗಾಲಯದ್ದು. ಜಾನಪದಾಭಿಮಾನದಿಂದ ಈ ವ್ಯತ್ಯಾಸವನ್ನು ಅಳಿಸಬೇಕಾಗಿಲ್ಲ.

ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳಿಲ್ಲ. ಪ್ರಮಾಣ, ವಯಸ್ಸು, ಲಿಂಗ, ಬಣ್ಣ ಬದಲಾದಂತೆ ಫಲಿತಾಂಶವೂ ಬದಲಾಗಿದೆ. ಇಲಿಯ ಚಡಪಡಿಕೆಯನ್ನು ಮಗುವಿನ ಚಡಪಡಿಕೆಗೆ ನೇರವಾಗಿ ಸಮೀಕರಿಸಲೂ ಬಾರದು. ಹಾಗಿದ್ದೂ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಸಂಶೋಧಕರು ಮಕ್ಕಳಲ್ಲಿ ಕಂಡದ್ದೂ ಅತಿಚಟುವಟಿಕೆಯ ಹೆಚ್ಚಳವನ್ನೇ. ಕ್ಯಾಲಿಫೋರ್ನಿಯಾ ರಾಜ್ಯದ ಪರಿಸರ ಆರೋಗ್ಯ ಕಚೇರಿ 2021ರಲ್ಲಿ ಮಾನವ ಹಾಗೂ ಪ್ರಾಣಿ ಅಧ್ಯಯನಗಳೆರಡನ್ನೂ ಪರಿಶೀಲಿಸಿ, ಕೆಲವು ಮಕ್ಕಳ ಮೇಲೆ ಈ ಬಣ್ಣಗಳು ಪರಿಣಾಮ ಬೀರಬಲ್ಲವೆಂದು ತೀರ್ಮಾನಿಸಿತು. ಅಮೆರಿಕದಲ್ಲಿ ಬಣ್ಣಗಳ ಸುರಕ್ಷಿತ ಮಿತಿಗೆ ಆಧಾರವಾದ ಪ್ರಯೋಗಗಳು 35ರಿಂದ 70 ವರ್ಷ ಹಳೆಯವು, ನಡವಳಿಕೆಯ ವ್ಯತ್ಯಾಸವನ್ನು ಹಿಡಿಯಲು ರೂಪಿಸಿದವಲ್ಲ ಎಂಬ ಅದರ ಮಾತು ನನಗೆ ಹೆಚ್ಚು ಮಹತ್ವದ್ದೆನಿಸುತ್ತದೆ.

ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಬೆರೆಸುವುದನ್ನೂ ನಿಷೇಧಿಸಿತು. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ತಿನಿಸಿಗೆ ಅದು ಎಂದೂ ಸಲ್ಲದು. ಲಾಡು, ಜಿಲೇಬಿಗಳ ಹಳದಿಯಾದ ಟಾರ್ಟ್ರಾಜಿನ್‌ನ ಸ್ಥಿತಿ ಬೇರೆ. ಸಿಹಿತಿನಿಸಿನಲ್ಲಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಬಳಸಲು ದೇಶದ ಕಾನೂನು ಅನುಮತಿಸುತ್ತದೆ. ಜಾತ್ರೆಯ ಮಿಠಾಯಿ ಅಂಗಡಿಯಲ್ಲಿ ಬಣ್ಣ ಬೀಳುವುದು ಚಿಟಿಕೆಯ ಲೆಕ್ಕದಲ್ಲಿ. ಮಿಲಿಗ್ರಾಂ ತೂಗುವ ತಕ್ಕಡಿ ಅಲ್ಲಿರುವುದಿಲ್ಲ.