ಕಲ್ಯಾಣಸ್ವಾಮಿಯ ಹೆಸರು ಹೊತ್ತವನು

ಕಳೆದ ಶಾಲಾ ವರ್ಷದಲ್ಲಿ ಎಂಟನೆಯ ತರಗತಿಗೆ ಚರಿತ್ರೆಯ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬನು ಎದ್ದುನಿಂತು, "ಸಾರ್, ನಾವು ಮನೆಯಲ್ಲಿ ಗಲಾಟೆ ಮಾಡಿದರೆ ನಮ್ಮ ಅಜ್ಜಿ, ಇದೆಂತದು, ಕಲ್ಯಾಣಪ್ಪನ ಕಾಟಕಾಯಿಯಾ ಎಂದು ಬೈಯುತ್ತಾರೆ. ಆ ಕಲ್ಯಾಣಪ್ಪ ಯಾರು?" ಎಂದು ಕೇಳಿದನು. ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದಲ್ಲ. ಏಕೆಂದರೆ ಕಲ್ಯಾಣಪ್ಪನೆಂಬ ಹೆಸರಿನಿಂದ ಮಂಗಳೂರಿಗೆ ದಂಡೆತ್ತಿ ಬಂದವನು ಕಲ್ಯಾಣಪ್ಪನೇ ಅಲ್ಲ. ಕಲ್ಯಾಣಪ್ಪನೆನಿಸಿಕೊಂಡವನು ಆಗ ಸೆರೆಮನೆಯಲ್ಲಿದ್ದನು. ಅಂದು ಗಂಟೆ ಬಾರಿಸಿದ್ದರಿಂದ ಅರ್ಧಕ್ಕೆ ನಿಂತ ಆ ಉತ್ತರವನ್ನು ಈ ಪುಟಗಳಲ್ಲಿ ಪೂರ್ತಿ ಮಾಡಬೇಕೆಂದು ಬಯಸಿದ್ದೇವೆ. ಕಾಸರಗೋಡಿನ ಮಕ್ಕಳಿಗೆ ಇದು ದೂರದ ಕಥೆಯಲ್ಲ. 1837ರಲ್ಲಿ ಕಾಸರಗೋಡು, ಸುಳ್ಯ, ಪುತ್ತೂರು, ಮಂಗಳೂರುಗಳೆಲ್ಲ ಮದ್ರಾಸು ಆಧಿಪತ್ಯದ ಕೆನರಾ ಎಂಬ ಒಂದೇ ಜಿಲ್ಲೆಗೆ ಸೇರಿದ್ದವು.

ಕಥೆಯ ಬೇರು ಕೊಡಗಿನಲ್ಲಿದೆ. ಅಲ್ಲಿ ಎರಡು ಶತಮಾನಗಳ ಕಾಲ ಹಾಲೇರಿ ಮನೆತನದವರು ಆಳಿದರು. ಇವರು ಲಿಂಗವಂತರು, ಇಕ್ಕೇರಿಯ ನಾಯಕರ ಕುಲದವರೆಂದು ಹೇಳುತ್ತಾರೆ. ಈ ಮನೆತನದ ಮೂಲಪುರುಷನು ಜಂಗಮನ ವೇಷದಲ್ಲಿ ಕೊಡಗಿಗೆ ಬಂದು, ಹಾಲೇರಿಯಲ್ಲಿ ನೆಲಸಿ, ಜನರ ಭಕ್ತಿಯನ್ನು ಸಂಪಾದಿಸಿ, ಕೊನೆಗೆ ಅರಸನಾದನೆಂದು ಐತಿಹ್ಯವುಂಟು. ಕಾವಿಯ ಕೆಳಗೆ ಅರಸನಿರಬಹುದೆಂಬ ನಂಬಿಕೆ ಹೀಗೆ ಆ ಸೀಮೆಯ ಜನರಿಗೆ ಹೊಸದಾಗಿರಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಡೆದುದೆಲ್ಲ ಇದರ ಮೇಲೆ ನಿಂತಿದೆ.

ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕುಂಪಣಿಯವರು 1834ರಲ್ಲಿ ಪದಚ್ಯುತಗೊಳಿಸಿ, ಕಾಶಿಗೆ ಕಳುಹಿಸಿ, ಕೊಡಗನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. ಈ ಅರಸನು ತನ್ನ ಪಟ್ಟಕ್ಕೆ ಸ್ಪರ್ಧಿಗಳಾಗಬಹುದಾದ ದಾಯಾದಿಗಳನ್ನು ಉಳಿಸಲಿಲ್ಲವೆಂಬುದು ಪ್ರಸಿದ್ಧ. ಯಾರು ಸತ್ತರು, ಹೇಗೆ ಸತ್ತರು ಎಂಬುದು ಅರಮನೆಯ ಗೋಡೆಗಳ ಒಳಗೇ ಉಳಿಯಿತು. ಹೆಣವನ್ನು ಊರು ಕಾಣದಿದ್ದಾಗ, ಸತ್ತನೆಂದ ರಾಜಕುಮಾರನು ಎಲ್ಲಿಯೋ ಬದುಕಿದ್ದಾನೆ ಎಂಬ ಸುದ್ದಿ ಹುಟ್ಟುವುದು ಸಹಜವಲ್ಲವೆ?

ಹಾಗೆಯೇ ಆಯಿತು. ಸ್ವಾಮಿ ಅಪರಂಪಾರನೆಂಬ ಜಂಗಮನೊಬ್ಬನು, ತಾನು ಹಾಲೇರಿ ಮನೆತನದ ವೀರಪ್ಪನೆಂದು ಹೇಳಿಕೊಂಡು ಜನರನ್ನು ಕೂಡಿಸತೊಡಗಿದನು. ಕುಂಪಣಿಯವರು ಅವನನ್ನು ಸೆರೆಹಿಡಿದರು. ಬಳಿಕ ಕಲ್ಯಾಣಸ್ವಾಮಿಯೆಂಬ ಇನ್ನೊಬ್ಬನು ಕಾಣಿಸಿಕೊಂಡನು. ಇವನು ಅದೇ ಮನೆತನದ ಅಪ್ಪಾಜಿಯ ಮಗ ನಂಜುಂಡಪ್ಪನೆಂದು ಜನ ನಂಬಿದರು. ಅವನನ್ನೂ ಹಿಡಿದರು. ಆಗ ಬಂಡಾಯದ ಮುಂದಾಳುಗಳ ಎದುರಿಗಿದ್ದ ಪ್ರಶ್ನೆ ಇದು: ಜನ ಸಿದ್ಧರಾಗಿದ್ದಾರೆ, ಕೋವಿ ಕತ್ತಿಗಳಿವೆ, ಆದರೆ ಯಾರ ಹೆಸರಿನಲ್ಲಿ ಅವರನ್ನು ಕರೆಯಬೇಕೋ ಅವನೇ ಇಲ್ಲ. ಬರಿಯ ರೈತನ ಕರೆಗೆ ಮಾಗಣೆ ಏಳುವುದಿಲ್ಲ. ರಾಜಕುಮಾರನ ನಿರೂಪಕ್ಕೆ ಏಳುತ್ತದೆ.

ಅವರು ಹುಡುಕಿದ ಉಪಾಯವೇ ಪುಟ್ಟಬಸಪ್ಪ. ಇವನು ಉತ್ತರ ಕೊಡಗಿನ ಒಬ್ಬ ರೈತ. ಇವನಿಗೆ ಸ್ವಾಮಿಯ ವೇಷವನ್ನು ತೊಡಿಸಿ, ಇವನೇ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ಹೀಗೆ, ತಾನು ರಾಜಕುಮಾರನೆಂದ ಒಬ್ಬ ಸ್ವಾಮಿಯ ಹೆಸರನ್ನು ಒಬ್ಬ ರೈತನು ಹೊತ್ತುಕೊಂಡನು. ಪಾತ್ರದೊಳಗೆ ಇನ್ನೊಂದು ಪಾತ್ರ. ನಮ್ಮ ಯಕ್ಷಗಾನದಲ್ಲಿಯೂ ವೇಷದ ಮೇಲೆ ವೇಷ ಹಾಕುವ ಪ್ರಸಂಗಗಳುಂಟು. ಆದರೆ ಅಲ್ಲಿ ಬೆಳಗಾದರೆ ಬಣ್ಣ ತೊಳೆದು ಮನೆಗೆ ಹೋಗಬಹುದು.

ಇಷ್ಟು ಜನ ಮೋಸಹೋದುದಾದರೂ ಹೇಗೆ ಎಂದು ಇಂದಿನ ಮಕ್ಕಳು ಕೇಳಬಹುದು. ಮಂತ್ರಿಯ ಮುಖವನ್ನು ದಿನಕ್ಕೆ ಹತ್ತು ಸಲ ಚಿತ್ರದಲ್ಲಿ ನೋಡುವ ಕಾಲ ಇದು. 1837ರಲ್ಲಿ ಈ ಸೀಮೆಯಲ್ಲಿ ಛಾಯಾಚಿತ್ರವೆಂಬುದೇ ಇರಲಿಲ್ಲ. ಅರಮನೆಯ ಕುಮಾರರ ಮುಖವನ್ನು ಘಟ್ಟದ ಕೆಳಗಿನ ಬೇಸಾಯಗಾರನು ಜನ್ಮದಲ್ಲಿ ಒಂದು ಸಲವಾದರೂ ಕಂಡಿರುತ್ತಾನೆಂದು ಹೇಳುವಂತಿರಲಿಲ್ಲ. ಅವನು ಗುರುತಿಸುತ್ತಿದ್ದುದು ಮುಖವನ್ನಲ್ಲ. ಹೆಸರನ್ನು, ವೇಷವನ್ನು, ಸುತ್ತ ನಿಂತ ಪ್ರಮುಖರ ವಿನಯವನ್ನು. ಊರಿನ ದೊಡ್ಡ ಗೌಡರು ಕೈಮುಗಿದು ನಿಂತಿದ್ದರೆ ಅದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಕೆಲವರಿಗೆ ನಿಜ ತಿಳಿದೇ ಇದ್ದಿರಬೇಕೆಂದು ನಮಗೆ ತೋರುತ್ತದೆ. ತಿಳಿದೂ ಸುಮ್ಮನಿದ್ದರು. ಅವರಿಗೆ ಬೇಕಾಗಿದ್ದುದು ರಾಜಕುಮಾರನಿಗಿಂತ ಹೆಚ್ಚಾಗಿ, ತಮ್ಮ ಕಷ್ಟಕ್ಕೆ ಒಂದು ಬಾವುಟ.

ಆ ಕಷ್ಟವೇನೆಂಬುದನ್ನು ಇಲ್ಲಿ ವಿವರಿಸಲೇಬೇಕು. ಅದಿಲ್ಲದೆ ಈ ಕಥೆ ಬರಿಯ ವೇಷಗಾರಿಕೆಯಾಗಿ ಉಳಿಯುತ್ತದೆ. ಟಿಪ್ಪುಸುಲ್ತಾನನು 1799ರಲ್ಲಿ ಮಡಿದ ನಂತರ ಕುಂಪಣಿಯವರು ಅಮರಸುಳ್ಯದ ಸೀಮೆಯನ್ನು ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿದ್ದರು. 1834ರಲ್ಲಿ ಕೊಡಗು ತಮ್ಮ ಕೈಗೆ ಬಂದೊಡನೆ, ಆ 110 ಗ್ರಾಮಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಕಚೇರಿಯಲ್ಲಿ ಕುಳಿತವನಿಗೆ ಇದು ನಕಾಶೆಯ ಮೇಲಿನ ಒಂದು ಗೆರೆ. ಗದ್ದೆಯಲ್ಲಿ ನಿಂತವನಿಗೆ ಹಾಗಲ್ಲ. ಗಡಿಯ ಗೆರೆ ಸರಿದರೆ ಮನೆಯ ಒಲೆಯವರೆಗೆ ಅದರ ಬಿಸಿ ಬರುತ್ತದೆಂಬುದನ್ನು 1956ರ ನವೆಂಬರ್ 1ನೆಯ ತಾರೀಖಿನ ನಂತರ ಕಾಸರಗೋಡಿನ ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅರಸನ ಕಾಲದಲ್ಲಿ ಅಲ್ಲಿಯ ರೈತನು ತೀರ್ವೆಯನ್ನು ಬೆಳೆದ ಧಾನ್ಯದ ರೂಪದಲ್ಲಿ ಕೊಡಬಹುದಾಗಿತ್ತು. ಕೆನರಾ ಜಿಲ್ಲೆಯ ಪದ್ಧತಿಯಂತೆ ಅದನ್ನು ನಗದು ರೂಪಾಯಿಯಲ್ಲಿ ಕೊಡಬೇಕಾಯಿತು. ಇದರಿಂದೇನು ವ್ಯತ್ಯಾಸವೆಂದರೆ, ಬತ್ತ ಮನೆಯಲ್ಲಿದ್ದರೆ ಸಾಲದು. ಅದನ್ನು ಮಾರಿ ಹಣ ತರಬೇಕು. ಕಂತಿನ ದಿನ ಎಲ್ಲರಿಗೂ ಒಂದೇ. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಬೆಲೆ ಇಳಿಯುತ್ತದೆ. ಮಾರಿದುದು ಸಾಲದಿದ್ದರೆ ಸಾಹುಕಾರನ ಜಗಲಿ ಹತ್ತಬೇಕು. ಮಳೆಗಾಲದಲ್ಲಿ ಉಣ್ಣಲು, ತಾನು ಮಾರಿದ ಅಕ್ಕಿಯನ್ನೇ ಹೆಚ್ಚು ಬೆಲೆಗೆ ಕೊಳ್ಳಬೇಕು. ಇದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವು ಕುಂಪಣಿಯ ಸ್ವಾಮ್ಯವಾಗಿತ್ತು. ಉಪ್ಪಿಲ್ಲದೆ ಗಂಜಿ ಇಳಿಯದು. ಹೊಗೆಸೊಪ್ಪಿಲ್ಲದೆ ಎಲೆಅಡಿಕೆ ಆಗದು. ಎರಡೂ ಬಡವನ ಮಡಿಲಲ್ಲಿ ಇರತಕ್ಕ ವಸ್ತುಗಳು. ಅಂಥವುಗಳಿಗೆ ಸರಕಾರ ಹೇಳಿದ್ದೇ ಬೆಲೆ.

ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹಬ್ಬಿದ ಭರವಸೆಯಲ್ಲಿ ಈ ಉಪ್ಪು, ಹೊಗೆಸೊಪ್ಪುಗಳೇ ಮುಂದೆ ನಿಂತಿದ್ದುದು ಆಶ್ಚರ್ಯವಲ್ಲ. ಕುಂಪಣಿಯನ್ನು ಓಡಿಸಿದರೆ ಅವುಗಳ ಮೇಲಿನ ಸುಂಕವಿಲ್ಲ ಎಂದು ಸಾರಿದರು. ಸುಳ್ಯದ ಕಡೆಯ ಕೆದಂಬಾಡಿ ರಾಮಯ್ಯ ಗೌಡ, ಕೊಡಗಿನ ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು ಈ ಕಾರ್ಯದ ಜೀವಾಳವಾಗಿದ್ದರು. ನಂದಾವರದ ಲಕ್ಷ್ಮಪ್ಪ ಬಂಗರಸನೂ, ಕುಂಬಳೆಯ ಸುಬ್ರಾಯ ಹೆಗ್ಗಡೆಯೂ ಕೂಡಿಕೊಂಡರು.

1837ರ ಮಾರ್ಚ್ ಕೊನೆಯ ಹೊತ್ತಿಗೆ ದಂಡು ಹೊರಟಿತು. ಮೊದಲು ಬೆಳ್ಳಾರೆಯ ಸರಕಾರಿ ಕಚೇರಿ ಅವರ ವಶವಾಯಿತು. ಅಲ್ಲಿಂದ ಪುತ್ತೂರು, ಅಲ್ಲಿಂದ ಪಾಣೆಮಂಗಳೂರು, ಬಂಟ್ವಾಳ. ಹೋದ ಹೋದಲ್ಲಿ ಜನ ಸೇರಿದರು. ಏಪ್ರಿಲ್ 5ರಂದು ಮಂಗಳೂರೇ ಕೈವಶವಾಯಿತು. ಸೆರೆಮನೆಯ ಬಾಗಿಲು ತೆರೆಯಿತು. ಕಚೇರಿಗೂ ಅಧಿಕಾರಿಗಳ ಬಂಗಲೆಗಳಿಗೂ ಬೆಂಕಿ ಬಿತ್ತು. ಬಿಳಿಯ ಅಧಿಕಾರಿಗಳು ಕೆಲವರು ಹಡಗು ಹತ್ತಿದರು. ನಗರದ ಎತ್ತರದ ಗುಡ್ಡದ ಮೇಲೆ ಕುಂಪಣಿಯ ಬಾವುಟವನ್ನು ಇಳಿಸಿ ಹಾಲೇರಿ ಅರಸರ ಬಾವುಟವನ್ನು ಏರಿಸಿದರೆಂದು ಹೇಳುತ್ತಾರೆ. ಬಾವುಟಗುಡ್ಡೆಯೆಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಸುಮಾರು 13 ದಿನ ಮಂಗಳೂರಿನಲ್ಲಿ ಕುಂಪಣಿಯ ಆಜ್ಞೆ ನಡೆಯಲಿಲ್ಲ.

ಆ 13 ದಿನಗಳಲ್ಲಿ ಪುಟ್ಟಬಸಪ್ಪನ ಮನಸ್ಸು ಹೇಗಿದ್ದಿರಬಹುದೆಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಸೋತರೆ ನೇಣು; ಅದು ಅವನ ಜೊತೆಗಾರರೆಲ್ಲರಿಗೂ ಇದ್ದ ಅಪಾಯ. ಅವನೊಬ್ಬನಿಗೇ ಇದ್ದ ಅಪಾಯ ಬೇರೆ. ಗುಂಪಿನಲ್ಲಿ ಒಬ್ಬನು, ತನ್ನೂರಿನ ಕಡೆಯವನೊಬ್ಬನು, "ಇವನು ನಮ್ಮ ಬಸಪ್ಪನಲ್ಲವೆ?" ಎಂದು ಗಟ್ಟಿಯಾಗಿ ಕೂಗಿದರೆ ಸಾಕಾಗಿತ್ತು. ಗೆದ್ದರೂ ನೆಮ್ಮದಿಯಿಲ್ಲ. ಗೆದ್ದ ಮೇಲೆ ಸೆರೆಮನೆಯಿಂದ ಆ ಹೆಸರಿನ ಮೊದಲ ಒಡೆಯನೇ ಹೊರಗೆ ಬಂದರೆ, ಇವನು ಎಲ್ಲಿ ನಿಲ್ಲಬೇಕು? ಎರಡು ಕಡೆಯಿಂದಲೂ ಬಾಗಿಲಿಲ್ಲದ ಮನೆಯೊಳಗೆ ಅವನು ಹೊಕ್ಕಿದ್ದನು.

ಘಟ್ಟದ ಮೇಲೆ ಮಾತ್ರ ಆ ಹೆಸರು ಇಷ್ಟು ಸುಲಭವಾಗಿ ನಡೆಯಲಿಲ್ಲ. ಮಡಿಕೇರಿಯಲ್ಲಿ ಹಿಂದಿನ ಅರಸನ ಸೇವೆಯಲ್ಲಿದ್ದ ಕೊಡವ ದಿವಾನರು ಕುಂಪಣಿಯ ಪಕ್ಷದಲ್ಲಿ ನಿಂತರು. ಅರಮನೆಯನ್ನು ಒಳಗಿನಿಂದ ಬಲ್ಲವರ ಎದುರಿಗೆ ಕಾವಿಬಟ್ಟೆಯ ಮಹಿಮೆ ಕಡಿಮೆ. ಜೊತೆಗೆ ಹೊಸ ಸರಕಾರದಲ್ಲಿ ಅವರಿಗೆ ಸ್ಥಾನಮಾನವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತೆಂದು ತೂಗುವುದು ಕಷ್ಟ. ದಿವಾನರಲ್ಲಿಯೇ ಒಬ್ಬನಾದ ಲಕ್ಷ್ಮೀನಾರಾಯಣಯ್ಯನು ಬಂಡಾಯಗಾರರಿಗೆ ಒಳಗೊಳಗೆ ನೆರವಾದನೆಂಬ ಆರೋಪದ ಮೇಲೆ ಸೆರೆಗೆ ಹೋದನು.

ಕಣ್ಣನೂರು ತಲಚೇರಿಗಳ ಕಡೆಯಿಂದ ಕುಂಪಣಿಯ ಪಡೆ ಬಂದುದು ತಿಳಿದೊಡನೆ ದಂಡು ಚದರಿತು. ನೇಗಿಲು ಹಿಡಿಯುವವರ ದಂಡು ಅದು. ಒಂದು ಏಟಿನಲ್ಲಿ ಪಟ್ಟಣವನ್ನು ಹಿಡಿಯಬಲ್ಲುದು. ತರಬೇತಿಯ ಸಿಪಾಯಿಗಳ ಎದುರು ತಿಂಗಳುಗಟ್ಟಲೆ ಅದನ್ನು ಉಳಿಸಿಕೊಳ್ಳಲಾರದು. ಮುಂದಾಳುಗಳು ಸುಳ್ಯದತ್ತ ಹಿಮ್ಮೆಟ್ಟಿ ಕಾಡು ಸೇರಿದರು. ಹುಡುಕಿ ಹಿಡಿಯುವ ಕೆಲಸದಲ್ಲಿ ಕೊಡಗಿನವರೇ ಕುಂಪಣಿಗೆ ನೆರವಾದರು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನಲ್ಲಿ ಜನರೆದುರಿಗೆ ನೇಣುಹಾಕಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಕುಂಪಣಿಗೆ ನಿಷ್ಠರಾಗಿ ನಿಂತ ಕೊಡವರಿಗೆ ಚಿನ್ನದ ಮತ್ತು ಬೆಳ್ಳಿಯ ಪದಕಗಳು ದೊರೆತವು. ಅವುಗಳ ಒಂದು ಬದಿಯಲ್ಲಿ ಕೊಡವ ಯೋಧನ ಚಿತ್ರ. ಪದಕಗಳಲ್ಲಿ ಕನ್ನಡ ಅಕ್ಷರಗಳ ಬರಹವುಳ್ಳವೂ ಇವೆ. ಕನ್ನಡ ನಾಡಿನ ರೈತರ ದಂಗೆಯನ್ನು ಅಡಗಿಸಿದ್ದಕ್ಕೆ ಕನ್ನಡದಲ್ಲಿಯೇ ಕೆತ್ತಿದ ಬಹುಮಾನ! ಭಾಷೆ ಯಾರ ಕೈಗೆ ಸಿಕ್ಕರೂ ಅವರ ಮಾತನ್ನೇ ಆಡುತ್ತದೆ.

ಆಗಿನ ವಿಷಯವನ್ನು ಬರೆದಿಟ್ಟವರಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಒಬ್ಬನು. ಮುಂದೆ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದವನು ಇವನೇ. 1855ರಲ್ಲಿ ಪ್ರಕಟವಾದ ಅವನ ಕೊಡಗಿನ ಪುಸ್ತಕದಲ್ಲಿ ಬಂಡಾಯಗಾರರ ಮೇಲೆ ಪ್ರೀತಿಯೇನೂ ಇಲ್ಲ. ಜನರ ಬಾಯಲ್ಲಿ ಉಳಿದುದೂ ಕಾಟಕಾಯಿ ಎಂಬ ಶಬ್ದವೇ. ಎಂದರೆ ಸೂರೆ, ಹಾವಳಿ. ಸೂರೆ ನಡೆಯಿತೆಂಬುದನ್ನು ನಾವು ಮುಚ್ಚಿಡಬಾರದು. ಮನೆ ಸುಟ್ಟವರ ನೆನಪು ಮನೆ ಕಳೆದುಕೊಂಡವರಲ್ಲಿ ಮೂರು ನಾಲ್ಕು ತಲೆಮಾರು ಉಳಿಯುತ್ತದೆ. ಅಜ್ಜಿಯಂದಿರ ಬೈಗುಳ ಆ ನೆನಪಿನ ಚೂರು. ಬಹುಕಾಲದ ನಂತರ ಸುಳ್ಯ ಸೀಮೆಯ ಸಂಶೋಧಕರು ಅದನ್ನು ಅಮರಸುಳ್ಯದ ಸ್ವಾತಂತ್ರ್ಯ ಸಮರವೆಂದು ಕರೆದರು. ನಿರಂಜನರು ಕಲ್ಯಾಣಸ್ವಾಮಿ ಎಂಬ ಕಾದಂಬರಿಯನ್ನು ಬರೆದರು. ಕಯ್ಯೂರಿನ ರೈತರ ಕುರಿತು ಚಿರಸ್ಮರಣೆಯನ್ನು ಬರೆದವರೂ ಅವರೇ ಎಂಬುದು ಕಾಸರಗೋಡಿನ ಓದುಗರಿಗೆ ತಿಳಿದಿದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಕಂಚಿನ ಪ್ರತಿಮೆ ನಿಂತಿತು.

ನಮ್ಮ ಎಂಟನೆಯ ತರಗತಿಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದ ದಿನ, ಮೊದಲು ಪ್ರಶ್ನೆ ಕೇಳಿದ ಹುಡುಗನು ಸುಮ್ಮನಿದ್ದನು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, "ಹಾಗಾದರೆ ಪುಟ್ಟಬಸಪ್ಪ ಸುಳ್ಳು ಹೇಳಿದ ಹಾಗಾಗಲಿಲ್ಲವೆ ಸಾರ್?" ಎಂದಳು. ಪರೀಕ್ಷೆಯಲ್ಲಿ ಪಕ್ಕದವನ ಹೆಸರಿನಲ್ಲಿ ಕುಳಿತರೆ ನಾವೇ ಹೊರಗೆ ಕಳುಹಿಸುತ್ತೇವೆ. ಆದುದರಿಂದ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹೌದು, ಸುಳ್ಳು ಹೇಳಿದನು ಎಂದೆವು. ಆದರೆ ಇನ್ನೊಬ್ಬರ ಹೆಸರು ಹೊರುವವರು ಸಾಮಾನ್ಯವಾಗಿ ಆ ಹೆಸರಿನ ಆಸ್ತಿಗಾಗಿ ಹೊರುತ್ತಾರೆ. ಇವನು ಹೊತ್ತ ಹೆಸರಿಗೆ ಆಗ ಉಳಿದಿದ್ದ ಆಸ್ತಿ ಒಂದು ಸೆರೆಮನೆ ಮತ್ತು ಒಂದು ನೇಣುಗಂಬ. ಅದು ತಿಳಿದೂ ಹೊತ್ತನು. ಅವಳಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಯಿತೆಂದು ನಮಗನಿಸಲಿಲ್ಲ. "ಅವನನ್ನು ನಂಬಿ ಬಂದವರಿಗೆ ತಿಳಿದಿತ್ತಾ ಸಾರ್?" ಎಂದು ಇನ್ನೊಂದು ಕೇಳಿ ಕುಳಿತುಕೊಂಡಳು.

ಈ ವರ್ಷದ ಶಾಲಾ ಪ್ರವಾಸಕ್ಕೆ ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರುಗಳ ದಾರಿಯಾಗಿ ಮಂಗಳೂರನ್ನು ಗೊತ್ತುಮಾಡಿದ್ದೇವೆ. ದಂಡು ನಡೆದ ದಾರಿಯಲ್ಲಿ ಮಕ್ಕಳು ಬಸ್ಸಿನಲ್ಲಿ ಹೋಗಿ, ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ಕಂಡು, ಸಂಜೆಯ ಹೊತ್ತಿಗೆ ಬಾವುಟಗುಡ್ಡೆಯನ್ನು ಹತ್ತುವರು. ಮನೆಯಲ್ಲಿ ಕಲ್ಯಾಣಪ್ಪನ ವಿಷಯ ಬಲ್ಲ ಹಿರಿಯರಿದ್ದರೆ, ಅವರಿಂದ ಕೇಳಿದುದನ್ನು, ಬೈಗುಳವಾದರೂ ಸರಿಯೆ, ಮಕ್ಕಳ ಕೈಯಲ್ಲಿ ಬರೆಯಿಸಿ ಕಳುಹಿಸಬೇಕೆಂದು ಪೋಷಕರನ್ನು ಕೇಳಿಕೊಳ್ಳುತ್ತೇವೆ.