ವಿದ್ಯುತ್ ಹೋದಾಗ ಹಚ್ಚುವ ಮೇಣದಬತ್ತಿ: ಇರಲಿ ಎಚ್ಚರ

ಬೆಂಗಳೂರು: ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದಿತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬೀದಿಗಳು ಕತ್ತಲಾಗುವುದು ಹೊಸತೇನಲ್ಲ. 1905ರಲ್ಲೇ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಬೆಳಗಿಸಿಕೊಂಡ ನಗರದಲ್ಲಿ, ಯುಪಿಎಸ್ ಇಲ್ಲದ ಮನೆಗಳಿಗೆ ಇಂದಿಗೂ ಮೇಣದಬತ್ತಿಯೇ ಆಸರೆ.

ಈ ಪುಟ್ಟ ಜ್ವಾಲೆಯ ಉಷ್ಣಾಂಶ 1000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಕಿಟಕಿಯ ಪಾಲಿಯೆಸ್ಟರ್ ಪರದೆ ಸುಮಾರು 250 ಡಿಗ್ರಿಗೇ ಕರಗಿ, ಮೈಗೆ ತಗುಲಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ವಾಸ್ತವವಾಗಿ ಉರಿಯುವುದು ಬತ್ತಿಯನ್ನು ಹತ್ತಿ ಬಂದ ಮೇಣದ ಆವಿ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860-61ರಲ್ಲಿ ಲಂಡನ್ನಿನ ಮಕ್ಕಳಿಗೆ ಉಪನ್ಯಾಸಗಳ ಮೂಲಕ ವಿವರಿಸಿದ ಸಂಗತಿಯಿದು. ಆಗಷ್ಟೇ ಆರಿದ ಬತ್ತಿಯ ಬಿಳಿ ಹೊಗೆಗೆ ಕಡ್ಡಿ ತಾಗಿಸಿದರೆ ಬತ್ತಿ ಮತ್ತೆ ಹೊತ್ತಿಕೊಳ್ಳುವುದೂ ಇದರಿಂದಲೇ.

ನಾಲ್ಕು ಹನಿ ಮೇಣ ಸುರಿಸಿ ಫ್ರಿಜ್ಜಿನ ಮೇಲೋ ಪ್ಲಾಸ್ಟಿಕ್ ಸ್ಟೂಲಿನ ಮೇಲೋ ದೇವರ ಮನೆಯ ಮರದ ಹಲಗೆಯ ಮೇಲೋ ಬತ್ತಿಯನ್ನು ಅಂಟಿಸುವ ಪರಿಪಾಠ ನಮ್ಮ ಮನೆಗಳಲ್ಲಿದೆ. ಬತ್ತಿ ಉರಿದು ಮುಗಿಯುವ ವೇಳೆಗೆ ಜ್ವಾಲೆ ತಳವನ್ನೇ ತಲುಪಿರುತ್ತದೆ. ಮರಳು ತುಂಬಿದ ಭಾರವಾದ ಸ್ಟೀಲ್ ಪಾತ್ರೆಯಲ್ಲಿ ನಿಲ್ಲಿಸಿದರೆ ಈ ಭಯವಿಲ್ಲ. ಪರದೆ, ಹಾಸಿಗೆ, ಪತ್ರಿಕೆಗಳಿಂದ ಕನಿಷ್ಠ ಒಂದಡಿ ಅಂತರವಿರಬೇಕು. ಸೊಳ್ಳೆಪರದೆಯ ಬಳಿಯಂತೂ ಒಯ್ಯಲೇಬಾರದು.

30-40 ಅಡಿ ನಿವೇಶನಗಳ ಇಲ್ಲಿನ ಮನೆಗಳಿಗೆ ಕಳ್ಳರ ಭಯದಿಂದ ಕಿಟಕಿಗೆಲ್ಲ ಕಬ್ಬಿಣದ ಸರಳು. ಬೆಂಕಿ ಬಿದ್ದರೆ ಹೊರಬರಲು ಬಾಗಿಲೊಂದೇ ದಾರಿ. ಆದ್ದರಿಂದ ಮಲಗುವವರಿಗೂ ಬಾಗಿಲಿಗೂ ನಡುವೆ ಬತ್ತಿ ಇಡುವುದು ಅಪಾಯಕಾರಿ. ನಿದ್ರೆಗೆ ಮುನ್ನ ಆರಿಸುವುದೇ ಸರಿ, ಮಕ್ಕಳು ಕತ್ತಲಿಗೆ ಹೆದರಿದರೆ ಟಾರ್ಚ್ ಇದೆಯಲ್ಲ!

ಬೀಗ ತೆರೆದು ಕತ್ತಲ ಮನೆಗೆ ಕಾಲಿಟ್ಟಾಗ ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬಾರದು, ಸ್ವಿಚ್ಚನ್ನೂ ಮುಟ್ಟಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ಹರಡಿ ನಿಂತಿರುತ್ತದೆ. ಬಾಗಿಲು ತೆರೆದಿಟ್ಟು ಹೊರಬರಬೇಕು.

ಪಾತ್ರೆಯಲ್ಲಿ ಕರಗಿದ ಮೇಣಕ್ಕೇ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಉರಿಯುವ ಮೇಣ ಸಿಡಿಯುತ್ತದೆ. ಲೋಹದ ಮುಚ್ಚಳ ಮುಚ್ಚಬೇಕು. ಕೈಮೀರಿದರೆ ಮನೆಯವರೆಲ್ಲ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚುವ ಮನೆಮದ್ದು ಹಾನಿಕರ. 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ತೀವ್ರ ಗಾಯಗಳಿಗೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ರತ್ಯೇಕ ಸುಟ್ಟಗಾಯಗಳ ವಿಭಾಗವಿದೆ.