ನೀರಿನ ಹೊಣೆ ಕೈ ಬದಲಾದಾಗ

ಸಹ್ಯಾದ್ರಿಯ ಮೇಲೆ ಯಥೇಚ್ಛವಾಗಿ ಸುರಿಯುವ ಮಳೆ ಬಾಬಾಬುಡನ್ ಗಿರಿಶ್ರೇಣಿಯನ್ನು ದಾಟುವಷ್ಟರಲ್ಲಿ ಸೊರಗಿಹೋಗುವುದರಿಂದ, ಚಿಕ್ಕಮಗಳೂರು ಜಿಲ್ಲೆಗೇ ಸೇರಿಯೂ ಬಯಲುಸೀಮೆಯ ಲಕ್ಷಣಗಳನ್ನು ತಳೆದಿರುವ ಚೌಳಹಿರಿಯೂರು, ಕಡೂರು, ಅಜ್ಜಂಪುರಗಳ ರೈತನು ತೆಂಗು ಈರುಳ್ಳಿಗಳನ್ನು ನೆಚ್ಚಿ, ಕೆರೆಯ ತೂಬನ್ನೂ ಕೊಳವೆಬಾವಿಯನ್ನೂ ನೋಡುತ್ತ ಬಾಳುತ್ತಿರುವನು. ಭದ್ರೆಯಿಂದ 29.90 ಟಿಎಂಸಿ ಅಡಿ ನೀರನ್ನೆತ್ತಿ ಅಜ್ಜಂಪುರದ ಸುರಂಗದ ಮೂಲಕ ಪೂರ್ವಾಭಿಮುಖವಾಗಿ ಹರಿಸಿ, ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ಭದ್ರಾ ಮೇಲ್ದಂಡೆ ಯೋಜನೆ ಈ ಸೀಮೆಯ ಬಹುಕಾಲದ ಆಶೆ.

ಈ ಯೋಜನೆಯು ಮೊದಲು 1998ರಲ್ಲಿ ಸ್ಥಾಪಿತವಾದ ಕರ್ನಾಟಕ ನೀರಾವರಿ ನಿಗಮದ ಅಧೀನದಲ್ಲಿದ್ದು, 2016ರಲ್ಲಿ ರೂಪುಗೊಂಡ ವಿಶ್ವೇಶ್ವರಯ್ಯ ಜಲ ನಿಗಮದ ಸುಪರ್ದಿಗೆ ಬಂದಿತು. ಎರಡೂ ಸರ್ಕಾರದವೇ ಆದುದರಿಂದ, ಬಲಜೇಬಿನ ಹಣ ಎಡಜೇಬಿಗೆ ಹೋದಂತೆ ತೋರಬಹುದು. ಆದರೆ ನಿಗಮವೆಂಬುದು ಸಾಲವನ್ನೆತ್ತಬಲ್ಲ, ದಾವೆಗೆ ಗುರಿಯಾಗಬಲ್ಲ, ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕವಾದ ವ್ಯಕ್ತಿ. ಕಾಮಗಾರಿಯೊಡನೆ ಗುತ್ತಿಗೆದಾರರ ಬಾಕಿ, ಸಾಲದ ಬಡ್ಡಿ, ಸ್ವಾಧೀನಗೊಂಡ ಜಮೀನಿನ ಪರಿಹಾರ ಇವೆಲ್ಲವೂ ಯಾರ ಲೆಕ್ಕಕ್ಕೆ ಸೇರಿದುವೆಂಬುದು ನಿಷ್ಕರ್ಷೆಯಾಗದಿದ್ದರೆ, ಪಹಣಿಯ 11ನೆಯ ಕಾಲಮಿನಲ್ಲಿ ಸ್ವಾಧೀನದ ನಮೂದು ಬಿದ್ದ ರೈತನು ಎರಡು ಕಚೇರಿಗಳ ನಡುವೆ ಅಲೆಯಬೇಕಾದೀತು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಮುಂಚಿತವಾಗಿಯೇ ಬರೆದಿಡುವ ಪದ್ಧತಿಯಿದೆ. 1928ರಲ್ಲಿ ಹುಟ್ಟಿದ ದಕ್ಷಿಣ ಕ್ಯಾಲಿಫೋರ್ನಿಯದ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ ಎಂಬ ನೀರು ಪೂರೈಕೆ ಸಂಸ್ಥೆಗೆ ಹೊಸ ಪ್ರದೇಶವೊಂದು ಸೇರಬೇಕಾದರೆ ಸೇರ್ಪಡೆ ಶುಲ್ಕ ತೆರಬೇಕು. ಹಳೆಯ ಸದಸ್ಯರು ವರ್ಷಾನುಗಟ್ಟಲೆ ತೆರಿಗೆ ತೆತ್ತು ಕಟ್ಟಿದ ಕಾಲುವೆಯ ಫಲವನ್ನು ಬಂದವರು ಬಿಟ್ಟಿಯಾಗಿ ಉಣ್ಣಬಾರದೆಂಬುದೇ ಅದರ ನ್ಯಾಯ.

ನಮ್ಮಲ್ಲಿ ಆ ಶುಲ್ಕವನ್ನು ಹೇರುವುದು ಯುಕ್ತವಲ್ಲ. ಇಲ್ಲಿ ನೀರಿಗೆ ಕಾಯುವವನೂ, ಅದಕ್ಕಾಗಿ ನೆಲವನ್ನು ಬಿಟ್ಟುಕೊಡುವವನೂ ಎಷ್ಟೋ ಸಲ ಒಬ್ಬನೇ. ಆದರೆ ಬರೆದಿಡುವ ಶಿಸ್ತು ಅನುಕರಣೀಯ. ಕೆರೆಗಳ ವಿಷಯದಲ್ಲಿಯೂ ಹೊಣೆ ಯಾರದೆಂಬ ಇದೇ ಗೋಜು: ಅಚ್ಚುಕಟ್ಟು 40 ಹೆಕ್ಟೇರು ಮೀರಿದರೆ ಸಣ್ಣ ನೀರಾವರಿ ಇಲಾಖೆ, ಅದರೊಳಗಾದರೆ ಪಂಚಾಯಿತಿ. ಒಂದು ಕೆರೆ ಒಬ್ಬರಿಂದೊಬ್ಬರಿಗೆ ದಾಟುವಾಗ, ಮೀನಿನ ಹರಾಜಿನ ಆದಾಯ ಒಂದೆಡೆ ಉಳಿದು ಏರಿಯ ದುರಸ್ತಿ ಇನ್ನೊಂದೆಡೆ ಹೋದರೆ ಕೋಡಿ ಒಡೆಯುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಆಯ ಹೋದ ಕಡೆಗೆ ವ್ಯಯವೂ ಹೋಗಬೇಕು. ಆಸ್ತಿ, ಸಾಲ, ಬಾಕಿಗಳ ಪಟ್ಟಿಯು ವರ್ಗಾವಣೆಯ ಆದೇಶಕ್ಕೆ ಲಗತ್ತಾಗಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಬೇಕು.